ಅಪ್ಪ ಅಮ್ಮನ ಜೊತೆ ಗ್ಲೇಸಿಯರ್ ಬೇ: ಹಡಗೋ, ವಿಮಾನವೋ?

ಪ್ರಶ್ನೆ: ನಾನು, ನನ್ನ ಹೆಂಡತಿ ಸಿಯಾಟಲ್‌ನಲ್ಲಿದ್ದೇವೆ. ನನ್ನದು ಎಚ್-1ಬಿ ಕೆಲಸದ ವೀಸಾ. ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿದೆ, ಐ-94 (ಅಮೆರಿಕದಲ್ಲಿ ಇರಲು ಕೊಟ್ಟ ಅವಧಿಯ ದಾಖಲೆ) ಚಾಲ್ತಿಯಲ್ಲಿದೆ. ಜೂನ್‌ನಲ್ಲಿ ಹಾಸನದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಜುಲೈ ಕೊನೆಗೋ ಆಗಸ್ಟ್‌ನಲ್ಲೋ ಅವರಿಗೆ ಅಲಾಸ್ಕಾದ ಗ್ಲೇಸಿಯರ್ ಬೇ ನ್ಯಾಷನಲ್ ಪಾರ್ಕ್ ತೋರಿಸಬೇಕೆಂದಿದ್ದೇನೆ. ಅಪ್ಪನಿಗೆ 71, ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ, ಈಗ ದಿನಾ ಎರಡು ಕಿಲೋಮೀಟರ್ ನಡೆಯುತ್ತಾರೆ. ಅಮ್ಮನಿಗೆ 66, ಮೊಣಕಾಲು ನೋವು, ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಒಬ್ಬ ಸ್ನೇಹಿತರು ‘ಅಲ್ಲಿ ಆಕ್ಸಿಜನ್ ಕಡಿಮೆ, ಹಾರ್ಟ್ ಪೇಷಂಟ್‌ನ ಕರ್ಕೊಂಡು ಹೋಗ್ಬೇಡ’ ಅಂದರು. ಇನ್ನೊಬ್ಬರು ‘ಹಿಮ ಎಲ್ಲಾ ಕರಗಿ ಹೋಗಿದೆ, ನೋಡೋಕೆ ಏನೂ ಉಳಿದಿಲ್ಲ’ ಅಂದರು. ಕ್ರೂಸ್‌ನಲ್ಲಿ ಹೋಗುವುದೋ, ನಾವೇ ವಿಮಾನದಲ್ಲಿ ಹೋಗುವುದೋ? ಕರಡಿ, ಸುನಾಮಿ ಅಂತೆಲ್ಲ ಓದಿ ಭಯವಾಗಿದೆ. ನಾವಿಬ್ಬರು ಒಂದು ದಿನ ಕಯಾಕ್ ಮಾಡಬಹುದೇ? ಅಮ್ಮನಿಗಿರುವುದು ಒಂದೇ ಆಸೆ: ಹಿಮದ ಗೋಡೆ ಮುರಿದು ಸಮುದ್ರಕ್ಕೆ ಬೀಳುವುದನ್ನು ಕಣ್ಣಾರೆ ನೋಡಬೇಕು.

ಉತ್ತರ: ಕರೆದುಕೊಂಡು ಹೋಗಿ. ನಿಮ್ಮ ತಂದೆ ತಾಯಿಯ ವಯಸ್ಸಿನವರಿಗೆ ಹಿಮನದಿ ತೋರಿಸಲು ಇದಕ್ಕಿಂತ ಸಲೀಸಾದ ಜಾಗ ಕಡಿಮೆ. ಆದರೆ ಹಡಗೋ ವಿಮಾನವೋ ಎಂಬುದನ್ನು ಟಿಕೆಟ್ ದರ ನೋಡಿ ತೀರ್ಮಾನಿಸಬೇಡಿ. ನಿಮ್ಮ ವಿಷಯದಲ್ಲಿ ಅದನ್ನು ತೀರ್ಮಾನಿಸುವುದು ಮೂರು: ಕೆನಡಾ ವೀಸಾ, ಅಪ್ಪನ ಎದೆ, ಅಮ್ಮನ ಮೊಣಕಾಲು.

ಮೊದಲು ಆಕ್ಸಿಜನ್ ವಿಚಾರ. ಹಿಮ ಅಂದರೆ ನಮಗೆ ನೆನಪಾಗುವುದು ಕೇದಾರನಾಥ, ರೋಹ್ತಾಂಗ್, ಲಡಾಖ್. ಅಲ್ಲಿ ಹಿಮ ನೋಡಬೇಕಾದರೆ ಎತ್ತರಕ್ಕೆ ಏರಲೇಬೇಕು, ಉಸಿರು ಕಟ್ಟುತ್ತದೆ. ಗ್ಲೇಸಿಯರ್ ಬೇಯಲ್ಲಿ ಹಿಮವೇ ಕೆಳಗಿಳಿದು ಸಮುದ್ರಕ್ಕೆ ಬರುತ್ತದೆ. ನೀವು ಇರುವುದು ಸಮುದ್ರಮಟ್ಟದಲ್ಲಿ. ಉಸಿರಾಟದ ಮಟ್ಟಿಗೆ ಹಾಸನಕ್ಕಿಂತಲೂ ಸುಲಭ, ಏಕೆಂದರೆ ಹಾಸನ ಸಮುದ್ರಮಟ್ಟದಿಂದ ಒಂಬೈನೂರು ಮೀಟರ್‌ಗೂ ಮೇಲಿದೆ. ಇಷ್ಟು ತಗ್ಗಿನಲ್ಲಿ ಹಿಮನದಿ ಹೇಗೆ? ಮಲೆನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಅರಬ್ಬಿ ಸಮುದ್ರದ ಮೋಡ ಪಶ್ಚಿಮ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಸುರಿಯುವ ಹಾಗೆ, ಪೆಸಿಫಿಕ್‌ನ ಮೋಡ ಫೇರ್‌ವೆದರ್ ಪರ್ವತಸಾಲಿಗೆ ಬಡಿಯುತ್ತದೆ. ಅದರ ತುತ್ತತುದಿ 4,600 ಮೀಟರ್‌ಗೂ ಎತ್ತರ, ಕಡಲಿಗೆ ತೀರಾ ಹತ್ತಿರ. ಹಾಗಾಗಿ ಸುರಿಯುವುದು ಮಳೆಯಲ್ಲ, ಹಿಮ. ಬೇಸಿಗೆಯಲ್ಲಿ ಕರಗುವುದಕ್ಕಿಂತ ಹೆಚ್ಚು ಹಿಮ ಮೇಲೆ ಸೇರುತ್ತಾ ಹೋದರೆ ಅದು ತನ್ನ ಭಾರಕ್ಕೇ ಗಟ್ಟಿ ಮಂಜುಗಡ್ಡೆಯಾಗಿ ಕಣಿವೆಯಲ್ಲಿ ಜಾರುತ್ತದೆ.

ಸ್ಟೆಂಟ್ ಇರುವವರಿಗೆ ಅಲ್ಲಿ ನಿಜವಾದ ತೊಂದರೆ ತಣ್ಣನೆ ಗಾಳಿ. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ. ಜುಲೈನಲ್ಲೂ ಹಗಲಿನ ಉಷ್ಣತೆ 10ರಿಂದ 15 ಡಿಗ್ರಿ ಸೆಲ್ಸಿಯಸ್ ಅಷ್ಟೆ, ಹಿಮದ ಗೋಡೆಯ ಮುಂದೆ ಇನ್ನೂ ಕಡಿಮೆ, ದೋಣಿ ಓಡುವಾಗ ಗಾಳಿ ಬೇರೆ. ಒಳಗೆ ಬೆಚ್ಚಗೆ ಕೂತು, ಹತ್ತು ನಿಮಿಷ ಹೊರಗೆ ಬಂದು, ಮತ್ತೆ ಒಳಗೆ ಹೋದರೆ ಸಮಸ್ಯೆಯಿಲ್ಲ. ಹೊರಡುವ ಮುಂಚೆ ಹೃದಯದ ಡಾಕ್ಟರರನ್ನು ಒಮ್ಮೆ ಕೇಳಿ, ಸಾರ್ಬಿಟ್ರೇಟ್ (ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆ) ಇಟ್ಟುಕೊಳ್ಳಬೇಕೇ ಎಂದೂ ಕೇಳಿ. ಮಾತ್ರೆಗಳೆಲ್ಲ ಅಪ್ಪನ ಜೇಬಿನಲ್ಲಿರಲಿ, ಚೆಕ್-ಇನ್ ಲಗೇಜಿನಲ್ಲಿ ಬೇಡ.

‘ಎಲ್ಲಾ ಕರಗಿ ಹೋಗಿದೆ’ ಎಂಬುದರಲ್ಲಿ ಅರ್ಧ ಸತ್ಯವಿದೆ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ನಾಯಕತ್ವದ ಹಡಗುಗಳು ಇಲ್ಲಿಗೆ ಬಂದಾಗ ಕೊಲ್ಲಿಯೇ ಇರಲಿಲ್ಲ, ಕರಾವಳಿಯಲ್ಲಿ ಸುಮಾರು ಐದು ಮೈಲಿಯಷ್ಟು ತಗ್ಗು, ಅದರ ಹಿಂದೆ ಹಿಮ. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ಬಂದಾಗ ಹಿಮ ನಲವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. 1916ರ ಹೊತ್ತಿಗೆ 65 ಮೈಲಿ. ಹವೆ ಬಿಸಿಯಾದದ್ದು ಇದಕ್ಕೆ ನಾಂದಿ, ಆದರೆ ಅಷ್ಟು ವೇಗಕ್ಕೆ ಕಾರಣ ನೀರಿನಡಿ ಇದೆ. ಸಮುದ್ರಕ್ಕಿಳಿದ ಹಿಮನದಿ ತಾನೇ ತಳ್ಳಿ ತಂದ ಕಲ್ಲುಮಣ್ಣಿನ ದಿಬ್ಬದ ಮೇಲೆ ಮೂತಿಯಿಟ್ಟು ನಿಂತಿರುತ್ತದೆ. ಆ ದಿಬ್ಬದಿಂದ ಒಮ್ಮೆ ಹಿಂದೆ ಜಾರಿದರೆ ಆಳದ ನೀರು, ಊರಲು ನೆಲವಿಲ್ಲ, ಮುರಿಯುತ್ತಲೇ ಹೋಗುತ್ತದೆ. ಮ್ಯೂರ್ ಹೆಸರಿನದೇ ಹಿಮನದಿ ಈಗ ಸಮುದ್ರವನ್ನು ಮುಟ್ಟುವುದಿಲ್ಲ. ಹಾಗಿದ್ದರೂ ಪಾರ್ಕಿನ ಕಾಲು ಭಾಗಕ್ಕೂ ಸ್ವಲ್ಪ ಹೆಚ್ಚು ಇಂದಿಗೂ ಹಿಮದಡಿಯಲ್ಲೇ ಇದೆ. ನೀವು ನೋಡಲಿರುವ ಮಾರ್ಜರಿ ಹಿಮನದಿ 21 ಮೈಲಿ ಉದ್ದ, ಮುಖ ಸುಮಾರು ಒಂದು ಮೈಲಿ ಅಗಲ, ನೀರಿನಿಂದ ಮೇಲೆ ಸುಮಾರು 250 ಅಡಿ. ಅದರ ಪಕ್ಕದ ಗ್ರ್ಯಾಂಡ್ ಪೆಸಿಫಿಕ್ ಕಲ್ಲುಮಣ್ಣು ಹೊದ್ದು ಕಪ್ಪಗಿದೆ. ಬಹಳ ಜನ ಅದನ್ನು ಗುಡ್ಡ ಅಂದುಕೊಂಡು ಬೆನ್ನು ಹಾಕಿ ನಿಲ್ಲುತ್ತಾರೆ. ಕೊಲ್ಲಿಯನ್ನು ಕೊರೆದ ಹಿಮನದಿಯೇ ಅದು, ಅಪ್ಪ ಅಮ್ಮನಿಗೆ ಮರೆಯದೆ ತೋರಿಸಿ.

ಹೆಸರಿನ ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಮೊಂಟಾನಾ ರಾಜ್ಯದಲ್ಲಿ ‘ಗ್ಲೇಸಿಯರ್ ನ್ಯಾಷನಲ್ ಪಾರ್ಕ್’ ಇದೆ. ಅದು ಬೆಟ್ಟದ ಸೀಮೆ, ಕಾರಿನಲ್ಲಿ ತಿರುಗುವ ಜಾಗ, ಇಲ್ಲಿಂದ ಸಾವಿರ ಮೈಲಿ ಆಸುಪಾಸು ದೂರ. ಎರಡನ್ನೂ ಒಂದೇ ಎಂದುಕೊಂಡು ಹೋಟೆಲ್ ಕಾದಿರಿಸಿ ಹಣ ಕಳೆದುಕೊಳ್ಳುವವರಿದ್ದಾರೆ. ಗ್ಲೇಸಿಯರ್ ಬೇಗೆ ಪ್ರವೇಶ ಶುಲ್ಕವಿಲ್ಲ, ಇದಕ್ಕೆಂದು ವಾರ್ಷಿಕ ಪಾಸ್ ಕೊಳ್ಳಬೇಡಿ.

ಇನ್ನು ಹಡಗು. ಇಲ್ಲಿಗೆ ಬರುವವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಬರುವುದು ಕ್ರೂಸ್‌ನಲ್ಲೇ, ಅದರಲ್ಲಿ ಅನುಕೂಲ ನಿಜವಾಗಿಯೂ ಇದೆ. ಮೆಟ್ಟಿಲು ಹತ್ತಬೇಕಿಲ್ಲ, ಲಿಫ್ಟ್ ಇದೆ, ಡಾಕ್ಟರ್ ಇದ್ದಾರೆ, ರೂಮಿನ ಕಿಟಕಿಯಿಂದಲೇ ಹಿಮ ಕಾಣುತ್ತದೆ. ಕೊಲ್ಲಿಯೊಳಗೆ ಬಂದ ದಿನ ಪಾರ್ಕ್ ರೇಂಜರುಗಳು ಹಡಗು ಹತ್ತಿ ವಿವರಣೆ ಕೊಡುತ್ತಾರೆ. ಆದರೆ ದೊಡ್ಡ ಹಡಗುಗಳು ಪಾರ್ಕಿನಲ್ಲಿ ದಡಕ್ಕೆ ಕಟ್ಟುವುದಿಲ್ಲ, ನೆಲಕ್ಕೆ ಕಾಲಿಡುವ ಮಾತಿಲ್ಲ. ಮಾರ್ಜರಿಯ ಮುಂದೆ ಸುಮಾರು ಒಂದು ಗಂಟೆ ನಿಂತು ನಿಧಾನವಾಗಿ ತಿರುಗುತ್ತವೆ, ಎರಡೂ ಬದಿಯವರಿಗೆ ಕಾಣುತ್ತದೆ. ‘ಎಡಬದಿಯ ಬಾಲ್ಕನಿಯೇ ಬೇಕು’ ಎಂದು ಹೆಚ್ಚು ಹಣ ತೆರಬೇಕಾಗಿಲ್ಲ.

ಇದಕ್ಕಿಂತ ಮುಖ್ಯವಾದ ಮಾತು: ಅಲಾಸ್ಕಾ ಕ್ರೂಸ್‌ಗಳೆಲ್ಲ ಗ್ಲೇಸಿಯರ್ ಬೇಗೆ ಹೋಗುವುದಿಲ್ಲ. ದಿನಕ್ಕೆ ಹೆಚ್ಚೆಂದರೆ ಎರಡು ದೊಡ್ಡ ಹಡಗಿಗೆ ಮಾತ್ರ ಪ್ರವೇಶ. ಉಳಿದವು ಹಬ್ಬರ್ಡ್, ಎಂಡಿಕಾಟ್ ಆರ್ಮ್ ಇತ್ಯಾದಿ ಬೇರೆ ಹಿಮನದಿಗಳ ಕಡೆ ಹೋಗುತ್ತವೆ. ಜಾಹೀರಾತಿನಲ್ಲಿ ‘ಗ್ಲೇಸಿಯರ್ ದರ್ಶನ’ ಎಂದಿದ್ದರೆ ಸಾಲದು. ನಿಮ್ಮ ತಾರೀಖಿನ ದಿನಚರಿಯಲ್ಲಿ ‘ಗ್ಲೇಸಿಯರ್ ಬೇ ನ್ಯಾಷನಲ್ ಪಾರ್ಕ್’ ಎಂದೇ ಬರೆದಿದೆಯೇ ನೋಡಿ.

ಈಗ ವೀಸಾ. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ. ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಮೆರಿಕದ ಬಂದರಿಗೇ ಮರಳುವುದಾದರೆ ನಡುವೆ ಪರದೇಶದ ಬಂದರೊಂದನ್ನು ಮುಟ್ಟಬೇಕು. ದೊಡ್ಡ ಕ್ರೂಸ್ ಹಡಗುಗಳು ಬಹುಪಾಲು ವಿದೇಶಿ ಧ್ವಜದವೇ. ಅದಕ್ಕೇ ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಹಡಗುಗಳು ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟ್ ಇರುವ ನಿಮ್ಮ ನಾಲ್ವರಿಗೂ ಕೆನಡಾದ ವಿಸಿಟರ್ ವೀಸಾ ಬೇಕು. ‘ನಾವು ಇಳಿಯೋದೇ ಇಲ್ಲ’ ಅಂದರೂ ನಡೆಯುವುದಿಲ್ಲ, ದಾಖಲೆ ಇಲ್ಲದಿದ್ದರೆ ಸಿಯಾಟಲ್‌ನಲ್ಲೇ ಹತ್ತಿಸಿಕೊಳ್ಳದೆ ವಾಪಸ್ ಕಳಿಸುತ್ತಾರೆ, ಹಣವೂ ಹೋಗುತ್ತದೆ. ವ್ಯಾಂಕೂವರ್‌ನಿಂದ ಹಡಗು ಹತ್ತಿದರೂ ಇದೇ ಮಾತು. ತಂದೆ ತಾಯಿಯ ಅಮೆರಿಕ ವೀಸಾ ಮಲ್ಟಿಪಲ್ ಎಂಟ್ರಿ ಆಗಿರಬೇಕು. ನಿಮ್ಮ ಸ್ಟ್ಯಾಂಪ್ ಮುಗಿದಿದ್ದರೂ ಕೆನಡಾದಲ್ಲಿ ಮೂವತ್ತು ದಿನದೊಳಗಿದ್ದು ಮರಳುವವರಿಗೆ ‘ಆಟೋಮ್ಯಾಟಿಕ್ ರೀವ್ಯಾಲಿಡೇಶನ್’ ಎಂಬ ನಿಯಮವಿದೆ. ಚಾಲ್ತಿಯಲ್ಲಿರುವ ಐ-94 ಮತ್ತು ಐ-797ರ (ಎಚ್-1ಬಿ ಮಂಜೂರಾತಿ ಪತ್ರ) ಮೂಲ ಪ್ರತಿ ಕೈಯಲ್ಲಿರಬೇಕು, ಅಲ್ಲಿ ಹೊಸ ಅಮೆರಿಕ ವೀಸಾಕ್ಕೆ ಅರ್ಜಿ ಹಾಕಿರಬಾರದು. ನಿಯಮ ಗಟ್ಟಿಯೇ, ಆದರೆ ಬಂದರಿನ ಕೌಂಟರ್‌ನಲ್ಲಿ ಕೂತವರಿಗೆ ಅದು ಗೊತ್ತಿರಬೇಕಲ್ಲ. ಕ್ರೂಸ್ ಕಂಪನಿಯಿಂದ ಮೊದಲೇ ಲಿಖಿತ ಉತ್ತರ ತರಿಸಿಕೊಳ್ಳಿ, ನಿಮ್ಮ ಕಂಪನಿಯ ಇಮಿಗ್ರೇಶನ್ ವಕೀಲರನ್ನೂ ಕೇಳಿ.

ಈ ತಲೆನೋವು ಯಾವುದೂ ಇಲ್ಲದ ದಾರಿ ಎರಡನೆಯದು, ನಿಮಗೆ ನಾನು ಹೇಳುವುದೂ ಅದನ್ನೇ. ಸಿಯಾಟಲ್‌ನಿಂದ ಅಲಾಸ್ಕಾದ ರಾಜಧಾನಿ ಜುನೋಗೆ ಎರಡೂವರೆ ಗಂಟೆಯ ವಿಮಾನ. ದೇಶದೊಳಗಿನ ಪ್ರಯಾಣ, ಭಾರತದ ಪಾಸ್‌ಪೋರ್ಟೇ ಗುರುತಿನ ಚೀಟಿ. ಜುನೋದಿಂದ ಗುಸ್ಟೇವಸ್ ಎಂಬ ಪುಟ್ಟ ಊರಿಗೆ ಮತ್ತೊಂದು ವಿಮಾನ, ರಸ್ತೆ ಸಂಪರ್ಕವೇ ಇಲ್ಲ. ಬೇಸಿಗೆಯಲ್ಲಿ ಜೆಟ್ ಇರುತ್ತದೆ, ಕೂತು ಬೆಲ್ಟ್ ಕಟ್ಟುವಷ್ಟರಲ್ಲಿ ಇಳಿಸುತ್ತದೆ. ಸಣ್ಣ ವಿಮಾನವಾದರೆ ಸುಮಾರು ಅರ್ಧ ಗಂಟೆ. ಅದರಲ್ಲಿ ಲಗೇಜಿನ ಜೊತೆ ಮನುಷ್ಯರನ್ನೂ ತೂಗುತ್ತಾರೆ, ದೊಡ್ಡ ಸೂಟ್‌ಕೇಸ್ ಬೇಡ. ಗುಸ್ಟೇವಸ್‌ನಿಂದ 16 ಕಿಲೋಮೀಟರ್ ರಸ್ತೆ ಹೋದರೆ ಬಾರ್ಟ್‌ಲೆಟ್ ಕೋವ್, ಪಾರ್ಕಿನೊಳಗಿನ ಒಂದೇ ಒಂದು ಲಾಡ್ಜ್ ಅಲ್ಲಿದೆ. ಹಿಮನದಿಗೆ ಹೋಗುವ ದಿನದ ದೋಣಿಯೂ ಅಲ್ಲಿಂದಲೇ. ಬೆಳಗ್ಗೆ ಏಳೂವರೆಗೆ ಹೊರಟು ಮಧ್ಯಾಹ್ನ ಮೂರೂವರೆ ಹೊತ್ತಿಗೆ ಮರಳುತ್ತದೆ, ಹೋಗಿ ಬರಲು ಒಟ್ಟು 130 ಮೈಲಿ. ಒಳಗೆ ಬೆಚ್ಚಗಿನ ಆಸನ, ಶೌಚಾಲಯ, ಊಟ, ಜೊತೆಗೊಬ್ಬ ರೇಂಜರ್. ದೊಡ್ಡ ಹಡಗಿನ ಹತ್ತನೇ ಮಹಡಿಯಿಂದ ಚುಕ್ಕೆಯಂತೆ ಕಾಣುವ ಕಡಲಸಿಂಹ, ಪಫಿನ್ ಹಕ್ಕಿಗಳನ್ನು ಸೌತ್ ಮಾರ್ಬಲ್ ದ್ವೀಪದ ಹತ್ತಿರ ಈ ದೋಣಿಯಿಂದ ಮುಖ ಗುರುತಾಗುವಷ್ಟು ಸಮೀಪದಲ್ಲಿ ನೋಡಬಹುದು. ಕಡಲಸಿಂಹಗಳ ವಾಸನೆಯೂ ಬರುತ್ತದೆ, ಅಮ್ಮನಿಗೆ ಮೊದಲೇ ಹೇಳಿ.

ಈ ದಾರಿಯ ಕೊರತೆಗಳನ್ನೂ ಹೇಳಬೇಕು. ಗುಸ್ಟೇವಸ್‌ನಲ್ಲಿ ಚಿಕ್ಕ ಕ್ಲಿನಿಕ್ ಬಿಟ್ಟರೆ ಆಸ್ಪತ್ರೆ ಇಲ್ಲ. ಎದೆನೋವು ಬಂದರೆ ಜುನೋಗೆ ವಿಮಾನದಲ್ಲೇ ಒಯ್ಯಬೇಕು, ಮಂಜು ಕವಿದಿದ್ದರೆ ಕಾಯಬೇಕು. ಕೊಲ್ಲಿಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಸ್ಟೆಂಟ್ ಹಾಕಿ ಆರು ತಿಂಗಳಷ್ಟೇ ಆಗಿದ್ದರೆ, ನಡೆದರೆ ಎದೆ ಹಿಡಿಯುತ್ತಿದ್ದರೆ, ಕೆನಡಾ ವೀಸಾ ಮಾಡಿಸಿಯಾದರೂ ಹಡಗಿನಲ್ಲೇ ಹೋಗಿ ಎನ್ನುತ್ತಿದ್ದೆ. ನಿಮ್ಮ ತಂದೆಯವರು ದಿನಾ ಎರಡು ಕಿಲೋಮೀಟರ್ ನಡೆಯುತ್ತಾರೆ, ಡಾಕ್ಟರ್ ಒಪ್ಪಿದರೆ ಸಾಕು. ವಿಮೆಯಲ್ಲಿ ಮಾತ್ರ ಕಂಜೂಸಿ ಬೇಡ. ಹೃದಯದ್ದು ಹಳೆಯ ಕಾಯಿಲೆ ಎಂದು ಲೆಕ್ಕ. ಪಾಲಿಸಿಯಲ್ಲಿ ‘ಅಕ್ಯೂಟ್ ಆನ್‌ಸೆಟ್ ಆಫ್ ಪ್ರೀ-ಎಕ್ಸಿಸ್ಟಿಂಗ್ ಕಂಡಿಶನ್’ (ಹಳೆಯ ಕಾಯಿಲೆ ದಿಢೀರನೆ ಉಲ್ಬಣಿಸಿದರೆ ಸಿಗುವ ರಕ್ಷಣೆ) ಇದೆಯೇ, 70 ದಾಟಿದವರಿಗೆ ಅದರ ಮಿತಿ ಎಷ್ಟಕ್ಕೆ ಇಳಿಯುತ್ತದೆ, ತುರ್ತು ವಿಮಾನ ಸಾಗಾಟ ಸೇರಿದೆಯೇ, ಈ ಮೂರು ಸಾಲುಗಳನ್ನು ಕಣ್ಣಿಟ್ಟು ಓದಿ. ಹಡಗಿನಲ್ಲಿ ಹೋದರೂ ಇದು ಬೇಕು, ಅಲ್ಲಿನ ಡಾಕ್ಟರ್ ಉಚಿತವಲ್ಲ.

ಅಮ್ಮನ ಮೊಣಕಾಲಿಗೆ ಪರೀಕ್ಷೆ ಇರುವುದು ಒಂದೇ ಕಡೆ, ದೋಣಿಗೆ ಇಳಿಯುವ ಇಳಿಜಾರು ಹಲಗೆಯಲ್ಲಿ. ಇಲ್ಲಿ ಉಬ್ಬರ ಇಳಿತದ ಅಂತರ 25 ಅಡಿಯವರೆಗೆ ಹೋಗುತ್ತದೆ, ನಮ್ಮ ಕರಾವಳಿಯಲ್ಲಿ ಅದು ಎರಡು ಮೀಟರ್ ಆಸುಪಾಸು. ತೇಲುವ ಕಟ್ಟೆ ನೀರಿನ ಜೊತೆ ಇಳಿಯುತ್ತದೆ, ದಡದ ಕಂಬ ಇಳಿಯುವುದಿಲ್ಲ. ಹಾಗಾಗಿ ಪೂರ್ತಿ ಇಳಿತದ ಹೊತ್ತಿನಲ್ಲಿ ನಡುವಿನ ಹಲಗೆ ಕಡಿದಾಗುತ್ತದೆ, ಮಳೆ ಬಂದಿದ್ದರೆ ಜಾರುತ್ತದೆ. ಇದಕ್ಕೆ ಪಂಚಾಂಗ ಉಪಯೋಗಕ್ಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಅಂತರ ಹೆಚ್ಚು. ಅಷ್ಟಮಿ, ನವಮಿ, ದಶಮಿಯ ಹೊತ್ತಿಗೆ ಕಡಿಮೆ. ಅಂಥ ದಿನಗಳನ್ನು ಗುರುತಿಸಿಕೊಂಡು, ಬಾರ್ಟ್‌ಲೆಟ್ ಕೋವ್‌ನ ಉಬ್ಬರದ ಪಟ್ಟಿಯಲ್ಲಿ ಬೆಳಗ್ಗೆ ಏಳು ಮತ್ತು ಮಧ್ಯಾಹ್ನ ಮೂರೂವರೆಯ ನೀರಿನ ಮಟ್ಟ ನೋಡಿ ದೋಣಿಯ ದಿನ ಆರಿಸಿ. ಇಳಿಯುವಾಗ ಅಮ್ಮ ಕಂಬಿ ಹಿಡಿದು ಪಕ್ಕಕ್ಕೆ ತಿರುಗಿ ಹೆಜ್ಜೆಯಿಡಲಿ, ನೀವು ಅವರಿಗಿಂತ ಒಂದು ಹೆಜ್ಜೆ ಕೆಳಗಿರಿ.

ಸೀರೆ ಬೇಡವೆಂದು ಹೇಳುವುದು ಕಷ್ಟ, ಆದರೂ ಆ ಒಂದು ದಿನ ಬೇಡ. ಒದ್ದೆ ಅಂಚು ಆ ಇಳಿಜಾರು ಹಲಗೆಯಲ್ಲಿ ಕಾಲಿಗೆ ಸಿಕ್ಕುತ್ತದೆ. ಸಲ್ವಾರಿನೊಳಗೆ ಉಣ್ಣೆ ಅಥವಾ ಪಾಲಿಯೆಸ್ಟರಿನ ಥರ್ಮಲ್, ನಡುವೆ ಫ್ಲೀಸ್, ಮೇಲೆ ಮಳೆಯ ಜಾಕೆಟ್ ಮತ್ತು ಪ್ಯಾಂಟ್. ಒಳಪದರ ಹತ್ತಿಯದಾಗಿರಬಾರದು, ಅದು ಒದ್ದೆಯಾದರೆ ಮೈಬಿಸಿಯನ್ನೇ ಹೀರುತ್ತದೆ. ಅಪ್ಪನ ಮಂಕಿ ಕ್ಯಾಪ್ ಇಲ್ಲಿಗೆ ಹೇಳಿ ಮಾಡಿಸಿದ್ದು. ಕೊಡೆ ಗಾಳಿಗೆ ನಿಲ್ಲುವುದಿಲ್ಲ. ಬೈನಾಕ್ಯುಲರ್ 8 ಪಟ್ಟು ಸಾಕು, ಅದಕ್ಕಿಂತ ಹೆಚ್ಚಿನದು ದೋಣಿಯಲ್ಲಿ ನಡುಗುತ್ತದೆ. ನಾಲ್ವರಿಗೆ ಒಂದೇ ತಂದರೆ ತಿಮಿಂಗಿಲ ಮುಳುಗುವಷ್ಟರಲ್ಲಿ ಕೈಯಿಂದ ಕೈಗೆ ದಾಟುತ್ತಿರುತ್ತದೆ, ಎರಡಾದರೂ ಇರಲಿ.

ತಿಂಗಳು ಯಾವುದು? ವರ್ಷಕ್ಕೆ ಸುಮಾರು 70 ಇಂಚು ಮಳೆ ಬೀಳುವ ಜಾಗವಿದು. ಏಪ್ರಿಲ್‌ನಿಂದ ಜೂನ್‌ವರೆಗೆ ಒಣ ದಿನ ಹೆಚ್ಚು, ಆಗಸ್ಟ್ ಕಳೆದಂತೆ ಮಳೆ ಏರುತ್ತದೆ. ಜೂನ್ ಕೊನೆಯ ವಾರ ಸಿಕ್ಕರೆ ಅದೇ ಒಳ್ಳೆಯದು, ಇಲ್ಲವಾದರೆ ಜುಲೈ. ಹಂಪ್‌ಬ್ಯಾಕ್ ತಿಮಿಂಗಿಲಗಳು ಈ ಎರಡೂ ತಿಂಗಳಲ್ಲಿ ಇರುತ್ತವೆ. ಮೋಡ ಮುಸುಕಿದ ದಿನಕ್ಕೆ ಬೇಸರ ಬೇಡ. ಗಟ್ಟಿಯಾಗಿ ಒತ್ತಿದ ಮಂಜುಗಡ್ಡೆ ಕೆಂಪು ಬೆಳಕನ್ನು ಹೀರಿ ನೀಲಿಯನ್ನು ಬಿಡುತ್ತದೆ, ಬಿಸಿಲಿನ ಪ್ರಖರತೆ ಇಲ್ಲದಾಗ ಆ ನೀಲಿ ಇನ್ನೂ ಗಾಢವಾಗಿ ಕಾಣುತ್ತದೆ.

ಊಟ: ಲಾಡ್ಜಿಗೂ ದೋಣಿಗೂ ಕಾದಿರಿಸುವಾಗಲೇ ಇಮೇಲ್‌ನಲ್ಲಿ ಬರೆಯಿರಿ, ಹೋದ ಮೇಲೆ ಹೇಳಿದರೆ ಒಣ ಸ್ಯಾಂಡ್‌ವಿಚ್ ಅಷ್ಟೆ. ಹಡಗಾದರೆ ‘ಜೈನ್ ವೆಜಿಟೇರಿಯನ್’ ಅನ್ನಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲವೆಂಬುದು ಆ ಒಂದು ಮಾತಿನಲ್ಲಿ ಬೇಗ ತಿಳಿಯುತ್ತದೆ. ಬಿಸಿನೀರು ಸುರಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಕ್ಕುಲಿ ಕಟ್ಟಿಕೊಳ್ಳಿ. ಆದರೆ ಅವು ರೂಮಿನಲ್ಲೇ ಇರಲಿ. ಕಾಡಿನ ದಾರಿಯಲ್ಲಿ ನಡೆಯುವಾಗ ಜಾಕೆಟ್ ಜೇಬಿನಲ್ಲಿ ಚಕ್ಕುಲಿ ಇಟ್ಟುಕೊಳ್ಳಬಾರದು, ದಡದ ಬೆಂಚಿನ ಮೇಲೆ ಬುತ್ತಿ ಬಿಟ್ಟು ಏಳಬಾರದು. ಬಾರ್ಟ್‌ಲೆಟ್ ಕೋವ್ ಸುತ್ತ ಕಪ್ಪು ಕರಡಿ, ಕಂದು ಕರಡಿ ಎರಡೂ ಓಡಾಡುತ್ತವೆ. ಅವು ಜನರನ್ನು ಹುಡುಕಿಕೊಂಡು ಬರುವುದಿಲ್ಲ. ತಿರುವಿನಲ್ಲಿ ಎದುರುಬದುರಾಗಿ ಬೆಚ್ಚುವುದು, ಮನುಷ್ಯರ ತಿಂಡಿಯ ರುಚಿ ಹತ್ತುವುದು, ಅಪಾಯ ಬರುವುದು ಈ ಎರಡರಿಂದ. ನಾಲ್ವರೂ ಒಟ್ಟಿಗೆ, ಮಾತನಾಡುತ್ತಾ ನಡೆಯಿರಿ. ಕಂಡರೆ ಓಡಬೇಡಿ, ನಿಂತು ಮೆಲ್ಲಗೆ ಮಾತನಾಡುತ್ತಾ ಹಿಂದೆ ಸರಿಯಿರಿ.

ಸುನಾಮಿಯ ಮಾತು ಕಟ್ಟುಕಥೆಯಲ್ಲ. 1958ರ ಜುಲೈ 9ರಂದು ಇದೇ ಪಾರ್ಕಿನ ಲಿಟುಯಾ ಕೊಲ್ಲಿಯಲ್ಲಿ ಭೂಕಂಪಕ್ಕೆ ಗುಡ್ಡ ಕುಸಿದು, ನೀರು ಎದುರು ಬೆಟ್ಟದಲ್ಲಿ 524 ಮೀಟರ್ ಎತ್ತರದ ತನಕ ಮರಗಳನ್ನು ಕಿತ್ತಿತು. 2025ರ ಆಗಸ್ಟ್ 10ರಂದು ಜುನೋದ ದಕ್ಷಿಣಕ್ಕಿರುವ ಟ್ರೇಸಿ ಆರ್ಮ್ ಎಂಬ ಇಕ್ಕಟ್ಟಾದ ಕೊಲ್ಲಿಯಲ್ಲೂ ಗುಡ್ಡ ಕುಸಿದು ದೊಡ್ಡ ಅಲೆ ಎದ್ದಿತು, ಪ್ರಾಣಹಾನಿಯಾಗಲಿಲ್ಲ. ಕಣಿವೆಯ ಗೋಡೆಗೆ ಒತ್ತಾಸೆಯಾಗಿದ್ದ ಹಿಮ ಸರಿದಾಗ ಕಡಿದಾದ ಇಳಿಜಾರು ಸಡಿಲವಾಗುವುದೇ ಇಂಥ ಕುಸಿತಕ್ಕೆ ಮುಖ್ಯ ಕಾರಣಗಳಲ್ಲೊಂದು. ಲಿಟುಯಾ ಇರುವುದು ಪೆಸಿಫಿಕ್‌ನ ಹೊರದಂಡೆಯಲ್ಲಿ, ನಿಮ್ಮ ದೋಣಿ ಅಲ್ಲಿಗೆ ಹೋಗುವುದಿಲ್ಲ. ಒಂದು ದಿನದ ಪ್ರವಾಸಿಗೆ ಈ ಅಪಾಯ ತೀರಾ ಸಣ್ಣದು, ಸೊನ್ನೆಯಲ್ಲ. ಜಾರುವ ಹಲಗೆ ಮತ್ತು ಮರೆತ ಮಾತ್ರೆ ಇದಕ್ಕಿಂತ ಹೆಚ್ಚು ಜನರನ್ನು ಕಾಡುತ್ತವೆ.

ನೀವಿಬ್ಬರು ಕಯಾಕ್ ಮಾಡಬಹುದು, ಆದರೆ ಗೈಡ್ ಜೊತೆ, ಅರ್ಧ ದಿನ, ಬಾರ್ಟ್‌ಲೆಟ್ ಕೋವ್ ಮತ್ತು ಬಿಯರ್ಡ್ಸ್‌ಲೀ ದ್ವೀಪಗಳ ಕಡೆ. ಅಲ್ಲಿಂದ ಹಿಮನದಿ ಕಾಣುವುದಿಲ್ಲ, ಅದು 65 ಮೈಲಿ ಆಚೆ. ದ್ವೀಪಗಳಿಗೆ ಹೋಗುವ ಕಿರುಗಾಲುವೆ ಇಳಿತದಲ್ಲಿ ಒಣಗುತ್ತದೆ, ಆದ್ದರಿಂದ ಹೊರಡುವ ಹೊತ್ತನ್ನು ಉಬ್ಬರ ಹೇಳುತ್ತದೆ. ಇಷ್ಟು ತಣ್ಣಗಿನ ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಬರುವುದಿಲ್ಲ, ಹತ್ತು ನಿಮಿಷದೊಳಗೆ ಕೈಕಾಲು ಮಾತು ಕೇಳುವುದನ್ನು ನಿಲ್ಲಿಸುತ್ತವೆ, ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಚೆನ್ನಾಗಿ ಈಜು ಬರುವವರೂ ಮುಳುಗುವುದು ಆ ಮೊದಲ ನಿಮಿಷದಲ್ಲಿ. ಲೈಫ್ ಜಾಕೆಟ್ ಮೈಮೇಲೆ ಬಿಗಿದಿರಬೇಕು, ಕಯಾಕ್‌ಗೆ ಕಟ್ಟಿದ್ದರೆ ಇಲ್ಲದಂತೆಯೇ. ನೀವು ನೀರಿನಲ್ಲಿರುವಾಗ ಅಪ್ಪ ಅಮ್ಮ ಲಾಡ್ಜಿನ ಪಕ್ಕದ ಕಾಡಿನ ಸುತ್ತುದಾರಿಯಲ್ಲಿ ನಡೆಯಬಹುದು, ಒಂದು ಮೈಲಿ, ಕೆಲವೆಡೆ ಮರದ ಹಲಗೆ ಹಾಸಿದೆ. ಹತ್ತಿರದಲ್ಲೇ ‘ಸ್ನೋ’ ಎಂಬ ಹಂಪ್‌ಬ್ಯಾಕ್ ತಿಮಿಂಗಿಲದ ಪೂರ್ತಿ ಅಸ್ಥಿಪಂಜರ ನಿಲ್ಲಿಸಿದ್ದಾರೆ. 2001ರಲ್ಲಿ ಕ್ರೂಸ್ ಹಡಗು ಬಡಿದು ಸತ್ತದ್ದು. ಹಿಮ ಮುನ್ನುಗ್ಗಿ ಬಂದಾಗ ಈ ಕೊಲ್ಲಿಯಿಂದ ಎದ್ದುಹೋಗಬೇಕಾದ ಹೂನಾ ಟ್ಲಿಂಗಿಟ್ ಎಂಬ ಮೂಲನಿವಾಸಿ ಜನರ ಕುಲಮನೆ 2016ರಲ್ಲಿ ಇಲ್ಲಿ ಮತ್ತೆ ತೆರೆಯಿತು. ದೇವಸ್ಥಾನಕ್ಕೆ ಹೋಗುವ ಹಾಗೆ ಹೋಗಿ ಕೂತು ಬನ್ನಿ.

ಕಾದಿರಿಸುವ ಕ್ರಮ ಹಿಂದುಮುಂದಾದರೆ ಎಲ್ಲ ಕೆಡುತ್ತದೆ. ಮೊದಲು ಲಾಡ್ಜ್ ಮತ್ತು ದೋಣಿ, ಎರಡೂ ಒಂದೇ ತಾರೀಖಿಗೆ. ಆಮೇಲೆ ಜುನೋ–ಗುಸ್ಟೇವಸ್ ವಿಮಾನ, ಕೊನೆಗೆ ಸಿಯಾಟಲ್–ಜುನೋ. ಬಾರ್ಟ್‌ಲೆಟ್ ಕೋವ್‌ನಲ್ಲಿ ಮೂರು ರಾತ್ರಿ ಇರಲಿ, ಒಂದು ದಿನ ದೋಣಿ ರದ್ದಾದರೂ ಇನ್ನೊಂದು ದಿನ ಕೈಯಲ್ಲಿರುತ್ತದೆ. ಹೋಗುವಾಗ ಬರುವಾಗ ಜುನೋದಲ್ಲಿ ಒಂದೊಂದು ರಾತ್ರಿ. ಮಂಜಿಗೆ ವಿಮಾನ ನಿಲ್ಲುವುದು ಅಲ್ಲಿ ಮಾಮೂಲು. ಜುನೋದ ಆ ದಿನಕ್ಕೆ ರಸ್ತೆಯಲ್ಲೇ ತಲುಪುವ ಮೆಂಡನ್‌ಹಾಲ್ ಹಿಮನದಿ ಇದೆ. ಆಗಸ್ಟ್‌ನಲ್ಲಾದರೆ ಪ್ರವಾಹದ ಸೂಚನೆ ನೋಡಿಕೊಳ್ಳಿ: ಪಕ್ಕದ ಕಣಿವೆಯಲ್ಲಿ ಹಿಮ ತಡೆದ ನೀರು ಒಮ್ಮೆಲೇ ಒಡೆದು 2023, 2024, 2025 ಮೂರೂ ವರ್ಷ ಆಗಸ್ಟ್‌ನಲ್ಲಿ ನದಿ ಉಕ್ಕಿದೆ.

ಇನ್ನು ಅಮ್ಮನ ಆಸೆ. ಹಿಮದ ಗೋಡೆ ಮುರಿದು ಬೀಳುತ್ತದೆಂದು ಯಾರೂ ಮಾತು ಕೊಡಲಾರರು, ಹಡಗಿನ ಹಾರ್ನ್ ಊದಿದರೆ ಬೀಳುತ್ತದೆ ಎಂಬುದೂ ಸುಳ್ಳು. ಆದರೆ ನೋಡುವ ರೀತಿ ಗೊತ್ತಿದ್ದರೆ ಸಿಗುವ ಸಂಭವ ಹೆಚ್ಚು. ದೋಣಿ ನಿಲ್ಲುವುದು ಗೋಡೆಯಿಂದ ಕಾಲು ಮೈಲಿ ಅಥವಾ ಅದಕ್ಕೂ ದೂರ, ಸದ್ದು ಅಲ್ಲಿಂದ ಬರಲು ಒಂದು ಸೆಕೆಂಡಿಗೂ ಹೆಚ್ಚು ಬೇಕು. ಸದ್ದು ಕೇಳಿ ತಿರುಗುವವರಿಗೆ ಕಾಣುವುದು ಎದ್ದ ನೀರು ಮಾತ್ರ. ದೋಣಿ ಎಂಜಿನ್ ನಿಲ್ಲಿಸುತ್ತಿದ್ದಂತೆ ಅಮ್ಮನನ್ನು ಹೊರಗೆ ಕರೆತಂದು ಕಂಬಿಯ ಹತ್ತಿರ ನಿಲ್ಲಿಸಿ, ಫೋನನ್ನು ನೀವು ಹಿಡಿದುಕೊಳ್ಳಿ. ಗೋಡೆಯ ಒಂದು ಭಾಗವನ್ನು ಆರಿಸಿಕೊಳ್ಳಲಿ: ಹೊಸದಾಗಿ ಒಡೆದು ಕಡು ನೀಲಿಯಾಗಿರುವ ಜಾಗ, ಅಥವಾ ಸಣ್ಣ ಚೂರು ಪುಡಿಪುಡಿಯಾಗಿ ಉದುರುತ್ತಿರುವ ಜಾಗ. ದೊಡ್ಡ ತುಂಡು ಬೀಳುವ ಮುಂಚೆ ಹಲವು ಸಲ ಅಲ್ಲೇ ಚೂರು ಉದುರಲು ಶುರುವಾಗುತ್ತದೆ. ಕಣ್ಣು ಅಲ್ಲಿಂದ ಕದಲದಿರಲಿ. ಬಿದ್ದರೆ ಮೊದಲು ಸದ್ದಿಲ್ಲದೆ ಬೀಳುತ್ತದೆ, ಆಮೇಲೆ ಗುಡುಗು.